ಅನ್ನಕ್ಕೆ ಲೆಕ್ಕ, ಗುಂಡಿಗೆ ಮಾಫಿ

ನಮ್ಮ ಬಡಾವಣೆಯಲ್ಲಿ ಈಗ ಅನ್ನ ಉಣ್ಣುವವರೇ ಇಲ್ಲ ಸ್ವಾಮಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋಗಿ ನೋಡಿ, ಒಬ್ಬೊಬ್ಬರದೂ ಒಂದೊಂದು ತ್ಯಾಗದ ಕಥೆ. ಒಬ್ಬರು ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ, ಇನ್ನೊಬ್ಬರು ದೋಸೆಗೆ ಎಣ್ಣೆ ಬಿಡಿಸುವುದಿಲ್ಲ, ಮೂರನೆಯವರು ಚಪಾತಿಗೂ ಕೈಮುಗಿದು ಸೌತೆಕಾಯಿ ಕಡಿಯುತ್ತಿದ್ದಾರೆ. ಕೈಗಡಿಯಾರ ಹೆಜ್ಜೆ ಎಣಿಸುತ್ತೆ, ಮೊಬೈಲು ಕ್ಯಾಲೊರಿ ಎಣಿಸುತ್ತೆ, ಮನೆಯಾಕೆ ಇಡ್ಲಿ ಎಣಿಸುತ್ತಾರೆ. ಇಷ್ಟೆಲ್ಲ ಎಣಿಕೆ ನಡೆದರೂ ಹೊಟ್ಟೆಗಳು ಹೋದ ಯುಗಾದಿಗೆ ಎಲ್ಲಿದ್ದವೋ ಅಲ್ಲೇ ಇವೆ. ಕೆಲವು ಒಂದಂಗುಲ ಮುಂದೆಯೇ ಬಂದಿವೆ.

ಕಾರಣ ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ, ಕಾಂಪೌಂಡಿನ ಆಚೆಗೇ ಇದ್ದರು. ಬ್ಯಾಂಕಿನಿಂದ ನಿವೃತ್ತರಾದರೂ ಬೀದಿಗೆಲ್ಲ ಅವರು ಇವತ್ತಿಗೂ ಮ್ಯಾನೇಜರ್ರೇ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವನು, ಹಾಗಾಗಿ ಅವರಿಗೆ ಮೇಷ್ಟ್ರು. ನಡುವಿನ ಗೋಡೆ ಎದೆಮಟ್ಟ. ಮೊಣಕೈ ಊರಿ ನಿಂತರೆ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

"ಮೇಷ್ಟ್ರೇ, ರಾತ್ರಿ ಅನ್ನ ಬಿಟ್ಟು ಎಷ್ಟೋ ತಿಂಗಳಾಯ್ತು. ತೂಕ ಅಲ್ಲಾಡ್ತಾನೇ ಇಲ್ಲ ಕಣ್ರೀ. ಥೈರಾಯ್ಡ್ ಇರಬಹುದಾ?"

"ಇರಬಹುದು, ಪರೀಕ್ಷೆ ಮಾಡಿಸಿ. ಅದಿರಲಿ, ರಾತ್ರಿ ಅನ್ನದ ಬದಲು ಏನು ತಗೋತೀರಿ?"

"ಏನಿಲ್ಲ. ಎರಡು ಚಪಾತಿ, ಪಲ್ಯ. ಅದಕ್ಕೆ ಮುಂಚೆ ಎರಡು ಪೆಗ್ಗು, ಬರೀ ಸಿಕ್ಸ್‌ಟಿ ಸಿಕ್ಸ್‌ಟಿ. ಅದು ಲೆಕ್ಕಕ್ಕೆ ಬರಲ್ಲ ಬಿಡಿ. ಸೋಡಾ ಹಾಕ್ಕೊಂಡು ಕುಡೀತೀನಿ, ಸಕ್ಕರೆ ಅಂಶಾನೇ ಇಲ್ಲ."

ಜೀವಮಾನವೆಲ್ಲ ಡೆಬಿಟ್ಟು ಕ್ರೆಡಿಟ್ಟು ತಾಳೆ ನೋಡಿದ ಮನುಷ್ಯ 'ಲೆಕ್ಕಕ್ಕೆ ಬರಲ್ಲ' ಅಂದುಬಿಟ್ಟರೆ ಸುಮ್ಮನಿರಲು ಆಗುತ್ತದೆಯೇ? ಹರಟೆ ಶುರುವಾದದ್ದೇ ಅಲ್ಲಿಂದ.

ಗುಂಡು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ನೂರಿಪ್ಪತ್ತೈದು ವರ್ಷದಷ್ಟು ಹಳೆಯ ಜಗಳ. ಅಮೆರಿಕದ ಕನೆಟಿಕಟ್‌ನಲ್ಲಿ ಮಿಡಲ್‌ಟೌನ್ ಅಂತ ಒಂದು ಊರು. ಅಲ್ಲಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಅನ್ನುವ ರಸಾಯನಶಾಸ್ತ್ರದ ಮೇಷ್ಟ್ರು 1890ರ ದಶಕದಲ್ಲಿ, ರೋಸಾ ಅನ್ನುವ ಭೌತಶಾಸ್ತ್ರದ ಮೇಷ್ಟ್ರನ್ನು ಜೊತೆ ಮಾಡಿಕೊಂಡು, ಒಂದು ಪೆಟ್ಟಿಗೆಯಂಥ ಕೋಣೆ ಕಟ್ಟಿಸಿದ. ಸುಮಾರು ಏಳಡಿ ಉದ್ದ, ನಾಲ್ಕಡಿ ಅಗಲ, ಒಳಗೆಲ್ಲ ತಾಮ್ರದ ತಗಡು. ಅದರೊಳಗೆ ಒಬ್ಬ ಮನುಷ್ಯನನ್ನು ದಿನಗಟ್ಟಲೆ ಕೂರಿಸುವುದು. ಅವನು ತಿಂದದ್ದೆಷ್ಟು, ಬಿಟ್ಟ ಉಸಿರಿನಲ್ಲಿ ಏನೇನಿದೆ, ಮೈಯಿಂದ ಹೊರಟ ಶಾಖ ಎಷ್ಟು, ಎಲ್ಲಕ್ಕೂ ಅಳತೆ. ಕೆಲವು ಸಲ ಊಟದ ಜೊತೆ ಆಲ್ಕೋಹಾಲನ್ನೂ ಕೊಟ್ಟರು. ದಿನಕ್ಕೆ 72 ಗ್ರಾಂ. ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ. ಕೊಟ್ಟದ್ದರಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ಮೈಯೊಳಗೇ ಉರಿದುಹೋಗಿತ್ತು, ಸಕ್ಕರೆ ಕೊಬ್ಬುಗಳಂತೆಯೇ ಶಕ್ತಿ ಕೊಟ್ಟಿತ್ತು. ಗ್ರಾಂಗೆ ಏಳು ಕ್ಯಾಲೊರಿ ಅನ್ನುವ ಲೆಕ್ಕ ನಮಗೆ ಸಿಕ್ಕಿದ್ದು ಆ ಕಾಲದ ಇಂಥ ಕೆಲಸದಿಂದ.

ಫಜೀತಿ ಆಮೇಲೆ. ಆಗ ಅಲ್ಲಿ ಪಾನನಿರೋಧದವರ ಜೋರು. ಆಲ್ಕೋಹಾಲು ವಿಷ, ಅದರಲ್ಲಿ ಆಹಾರದ ಗುಣ ಎಳ್ಳಷ್ಟೂ ಇಲ್ಲ ಅಂತ ಶಾಲೆಯ ಪಾಠಪುಸ್ತಕದಲ್ಲೇ ಬರೆಸಿದ್ದರು. ಆಟ್‌ವಾಟರ್ 'ಇದೂ ಮೈಗೆ ಇಂಧನ' ಅಂದದ್ದೇ ತಡ, ಅವರೆಲ್ಲ ಮುಗಿಬಿದ್ದರು. ಹೆಂಡದ ವ್ಯಾಪಾರಿಗಳು ಅವನ ಮಾತನ್ನು ಜಾಹೀರಾತು ಮಾಡಿಕೊಂಡರು. ಪಾಪ, ಎರಡು ಕಡೆಯಿಂದಲೂ ಪೆಟ್ಟು. ಇವತ್ತು ನೋಡಿದರೆ ಆ ಸಂಶೋಧನೆಯಿಂದ ಹೆದರಬೇಕಾದವರು ತೂಕ ಇಳಿಸುವವರು. ಇಂಧನ ಅಂದಮೇಲೆ ಖರ್ಚಾಗಬೇಕಲ್ಲ?

"ಅಂದ್ರೆ ತುಪ್ಪಕ್ಕೆ ಒಂಬತ್ತು, ಅನ್ನಕ್ಕೆ ನಾಲ್ಕು, ಇದಕ್ಕೆ ಏಳು?" ಮ್ಯಾನೇಜರ್ರು ಗೋಡೆಯ ಮೇಲೆ ಬೆರಳಲ್ಲಿ ಬರೆದರು.

"ಹೌದು. ಈಗ ನಿಮ್ಮ ಸಿಕ್ಸ್‌ಟಿ ತನ್ನಿ."

ತಂದರು. ಅಗಲವಾದ ಗಾಜಿನ ಲೋಟ. ಎರಡು ಬೆರಳು ಅಂತ ಅಳತೆ. ಬೆರಳು ಅವರವೇ, ದಪ್ಪಗಿವೆ. ಕಾಲೇಜಿನ ಕಾಲದ ಅಳತೆಯ ಜಾಡಿಯೊಂದು ನಮ್ಮ ಅಡುಗೆಮನೆಯಲ್ಲಿದೆ, ಹೆಂಡತಿ ಅದರಲ್ಲಿ ಹಾಲು ಅಳೆಯುತ್ತಾಳೆ. ಲೋಟದಲ್ಲಿದ್ದದ್ದನ್ನು ಅದಕ್ಕೆ ಸುರಿದೆವು. ತೊಂಬತ್ತರ ಗೆರೆ ಮುಟ್ಟಿತು. ಬಾರಿನವನು ಅಳತೆಯ ಬಟ್ಟಲಲ್ಲಿ ಕೊಡುವ ಅರವತ್ತಕ್ಕೂ ಮನೆಯಲ್ಲಿ ಸುರಿದುಕೊಳ್ಳುವ ಅರವತ್ತಕ್ಕೂ ಸಂಬಂಧವೇ ಇರುವುದಿಲ್ಲ ನೋಡಿ. ಎರಡು ಪೆಗ್ಗು ಅಂದರೆ ಇವರದು ಪೂರ್ತಿ ಒಂದು ಕ್ವಾರ್ಟರು.

"ಬಾಟಲಿ ಮೇಲೆ ಎಷ್ಟಂತ ಬರೆದಿದೆ?"

"42.8 ಪರ್ಸೆಂಟ್."

"ತೊಂಬತ್ತಕ್ಕೆ ಮೂವತ್ತೆಂಟೂವರೆ ಮಿಲೀ ಆಲ್ಕೋಹಾಲ್ ಆಯ್ತು. ಅದು ನೀರಿಗಿಂತ ಹಗುರ, ತೂಕ ಹಾಕಿದರೆ 30 ಗ್ರಾಂ. ಏಳರಿಂದ ಗುಣಿಸಿ."

"ಇನ್ನೂರ ಹತ್ತು. ಎರಡಕ್ಕೆ ನಾನೂರ ಇಪ್ಪತ್ತು." ಬ್ಯಾಂಕಿನವರು, ಕ್ಯಾಲ್ಕುಲೇಟರ್ ಬೇಡ.

"ನೀವು ಬಿಟ್ಟಿರೋ ಒಂದು ಬಟ್ಟಲು ಅನ್ನಕ್ಕೆ ಹೆಚ್ಚೆಂದರೆ ಇನ್ನೂರು."

ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನ ನಡೆದು ಕರಗಿಸಬೇಕು ಅಂದ್ರೆ?"

ಎಪ್ಪತ್ತು ಕೆಜಿ ಆಸಾಮಿ ಒಂದು ಕಿಲೋಮೀಟರ್ ನಡೆದರೆ ಐವತ್ತು ಅರವತ್ತು ಕ್ಯಾಲೊರಿ ಖರ್ಚು. ಕ್ವಾರ್ಟರಿಗೆ ಏಳೆಂಟು ಕಿಲೋಮೀಟರ್, ದಿನಾ. ಮುದ್ದೆಯ ಲೆಕ್ಕದಲ್ಲಿ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ನಾಟುತ್ತದೆ: ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ ಒಂದೂಕಾಲು ನುಂಗಿದ ಹಾಗೆ. ಮುದ್ದೆಯಲ್ಲಾದರೆ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶ ಇದೆ, ನಾರಿದೆ, ಉಂಡವನು ಮತ್ತೆ ತಟ್ಟೆ ಕಡೆ ನೋಡುವುದಿಲ್ಲ. ಗುಂಡು ಹಾಕಿದವನ ಕಣ್ಣು ತಟ್ಟೆಯ ಮೇಲೇ ಇರುತ್ತದೆ. ಬಿಸ್ಕತ್ ಪೊಟ್ಟಣದ ಹಿಂದೆ ಇಷ್ಟುದ್ದ ಕೋಷ್ಟಕ ಅಚ್ಚು ಹಾಕುತ್ತಾರೆ. ನಾನು ನೋಡಿದ ವಿಸ್ಕಿ ಬಾಟಲಿಗಳ ಮೇಲೆ ಹಾನಿಕರ ಅನ್ನುವ ಎಚ್ಚರಿಕೆ ಉಂಟೇ ಹೊರತು ಕ್ಯಾಲೊರಿಯ ಸುದ್ದಿಯೇ ಇಲ್ಲ.

ಇಷ್ಟಾದರೆ ಬರೀ ಕೂಡು-ಕಳೆಯುವ ಲೆಕ್ಕ, ಒಂದು ಚಪಾತಿ ಕಡಿಮೆ ಮಾಡಿ ಸರಿದೂಗಿಸಬಹುದು. ಅಸಲು ಸಮಾಚಾರ ಇರುವುದು ಲಿವರಿನಲ್ಲಿ. ಕೊಬ್ಬು ಹೆಚ್ಚಾದರೆ ಇಟ್ಟುಕೊಳ್ಳಲು ಮೈಯಲ್ಲಿ ಜಾಗ ಬೇಕಾದಷ್ಟಿದೆ, ನಮ್ಮ ಸೊಂಟವೇ ಸಾಕ್ಷಿ. ಸಕ್ಕರೆಯನ್ನೂ ಒಂದಿಷ್ಟು ಗ್ಲೈಕೋಜನ್ ಮಾಡಿ ಲಿವರಿನಲ್ಲಿ, ಸ್ನಾಯುಗಳಲ್ಲಿ ಇಟ್ಟುಕೊಳ್ಳಬಹುದು. ಆಲ್ಕೋಹಾಲನ್ನು ಇಟ್ಟುಕೊಳ್ಳಲು ಎಲ್ಲೂ ಜಾಗವಿಲ್ಲ. ಬೀಗರು ಹೇಳದೆ ಕೇಳದೆ ಬಂದಿಳಿದ ಮನೆಯ ಗತಿ ಲಿವರಿನದು. ಉಳಿಸಿಕೊಳ್ಳಲು ಕೋಣೆಯಿಲ್ಲ, ಕಾಯಿಸುವ ಹಾಗಿಲ್ಲ. ಒಗೆಯುವ ಬಟ್ಟೆ, ಬೀಸುವ ಹಿಟ್ಟು ಎಲ್ಲ ಬದಿಗಿಟ್ಟು ಮೊದಲು ಅವರ ಉಪಚಾರ ಮುಗಿಸಿ ಬಸ್ಸು ಹತ್ತಿಸಬೇಕು. ಆ ಬದಿಗಿಟ್ಟ ಕೆಲಸಗಳಲ್ಲಿ ಮುಖ್ಯವಾದದ್ದೇ ಕೊಬ್ಬು ಉರಿಸುವುದು.

ಲಿವರು ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ. ಅದು ಶುದ್ಧ ವಿಷ, ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಬೇಗನೆ ಅದನ್ನು ಅಸಿಟೇಟ್ ಮಾಡಿ ರಕ್ತಕ್ಕೆ ಬಿಡುತ್ತದೆ. ಸ್ನಾಯು, ಹೃದಯ ಎಲ್ಲ ಆ ಅಸಿಟೇಟನ್ನೇ ಎತ್ತಿಕೊಂಡು ಉರಿಸುತ್ತವೆ. ಕೈಗೆ ಬಂದ ಇಂಧನ ಇರುವಾಗ ಕೊಬ್ಬನ್ನು ಯಾರು ಮುಟ್ಟುತ್ತಾರೆ? ಇತ್ತ ಲಿವರಿನಲ್ಲೂ, ಕೊಬ್ಬು ಉರಿಸಲು ಬೇಕಾದ ಎನ್‌ಎಡಿ ಅನ್ನುವ ಸಹಾಯಕ ಆಲ್ಕೋಹಾಲಿನ ಕೆಲಸದಲ್ಲೇ ಖರ್ಚಾಗಿರುತ್ತದೆ. ಇದನ್ನು ಅಳೆದವರಿದ್ದಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಸಂಶೋಧಕರು ಎಂಟು ಜನ ಗಂಡಸರಿಗೆ 24 ಗ್ರಾಂ ಆಲ್ಕೋಹಾಲ್ ಕೊಟ್ಟು ನೋಡಿದರು. ಅಂದರೆ ಬಾರಿನ ಒಂದು ದೊಡ್ಡ ಪೆಗ್ಗಿಗಿಂತ ಚೂರು ಹೆಚ್ಚು, ಅಷ್ಟೇ. ಮುಂದಿನ ಕೆಲವು ಗಂಟೆ ಮೈ ಕೊಬ್ಬು ಉರಿಸುವುದು ನೂರಕ್ಕೆ 73ರಷ್ಟು ಇಳಿದುಹೋಯಿತು. ಕುಡಿದದ್ದರಲ್ಲಿ ನೇರವಾಗಿ ಕೊಬ್ಬಾದದ್ದು ಮಾತ್ರ ನೂರಕ್ಕೆ ಐದೂ ಇಲ್ಲ.

"ನೋಡಿದ್ರಾ! ಗುಂಡು ಕೊಬ್ಬಾಗಲ್ಲ ಅಂತ ನಾನು ಹೇಳ್ಲಿಲ್ವಾ?" ಮ್ಯಾನೇಜರ್ರ ಮುಖ ಅರಳಿತು.

ಅರ್ಧ ಕೇಳಿಸಿಕೊಂಡರೆ ಹೀಗೇ. ಗುಂಡು ಕೊಬ್ಬಾಗುವುದಿಲ್ಲ, ನಿಜ. ಗುಂಡಿನ ಜೊತೆ ತಿಂದದ್ದು ಕೊಬ್ಬಾಗಿ ಕೂರುತ್ತದೆ. ಲಿವರು ಗಂಟೆಗೆ ಏಳೆಂಟು ಗ್ರಾಂ, ಭೇಷಾಗಿದ್ದರೆ ಹತ್ತು ಗ್ರಾಂ ಆಲ್ಕೋಹಾಲ್ ವಿಲೇವಾರಿ ಮಾಡುತ್ತದೆ. ಕ್ವಾರ್ಟರಿನ 60 ಗ್ರಾಂ ಮುಗಿಯಬೇಕಾದರೆ ರಾತ್ರಿ ಎಂಟಕ್ಕೆ ಕೂತವನಿಗೆ ಬೆಳಗಿನ ಜಾವ ಮೂರೋ ನಾಲ್ಕೋ ಆಗುತ್ತದೆ. ಮಾಮೂಲಿನಂತೆ ರಾತ್ರಿ ಉಪವಾಸದ ಹೊತ್ತು, ನಿದ್ದೆಯಲ್ಲಿ ಮೈ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವ ಸಮಯ. ಆ ಸಮಯ ಪೂರ್ತಿ ಗುಂಡಿನ ಸೇವೆಗೆ ಹೋಯಿತು. ಕಬಾಬಿನ ಎಣ್ಣೆ, ಖಾರದ ಕಡ್ಲೆಬೀಜದ ಎಣ್ಣೆ ಎಲ್ಲ ನೆಟ್ಟಗೆ ದಾಸ್ತಾನಿಗೆ.

ನಂಚಿಕೊಳ್ಳುವ ಪದಾರ್ಥದ ವಿಷಯಕ್ಕೆ ಬಂದರೆ ನಾಲ್ಕು ಮಾತು ಹೆಚ್ಚೇ ಆಡಬೇಕು. ಸೌತೆಕಾಯಿ ಹೋಳು ನಂಚಿಕೊಂಡು ಕುಡಿಯುವವರನ್ನು ನಾನು ಕಂಡಿಲ್ಲ. ಕಾಂಗ್ರೆಸ್ ಕಡ್ಲೆಬೀಜ, ಮಿಕ್ಸ್ಚರ್, ಚಿಲ್ಲಿ ಚಿಕನ್, ಬೋಟಿ ಫ್ರೈ, ಎಗ್ ಬುರ್ಜಿ. ಎಲ್ಲಕ್ಕೂ ಉಪ್ಪು, ಖಾರ, ಎಣ್ಣೆ ಮುಂದು. ಕಡ್ಲೆಬೀಜ ನೂರು ಗ್ರಾಂಗೆ ಸುಮಾರು 560 ಕ್ಯಾಲೊರಿ. ಬಟ್ಟಲು ಖಾಲಿಯಾದ ಹಾಗೆ ಬಾರಿನ ಹುಡುಗ ತುಂಬಿಸಿಕೊಂಡು ಹೋಗುತ್ತಾನೆ, ಎಷ್ಟು ಹಿಡಿಯಾಯಿತು ಅಂತ ಯಾರೂ ಎಣಿಸುವುದಿಲ್ಲ. ಗುಂಡು ಹಸಿವನ್ನು ಕೆರಳಿಸುತ್ತದೆ. 'ಸಾಕು' ಅನ್ನುವ ಸ್ವರವನ್ನು ತಗ್ಗಿಸುತ್ತದೆ. ಮಧ್ಯಾಹ್ನ ಅರ್ಧ ಹೋಳಿಗೆಗೆ ಕೈ ಅಡ್ಡ ಹಿಡಿದ ಮನುಷ್ಯ ರಾತ್ರಿ ಹತ್ತಕ್ಕೆ ಎರಡನೇ ಪ್ಲೇಟ್ ಕಬಾಬ್ ಹೇಳುತ್ತಾನೆ.

"ಹಬ್ಬಕ್ಕೆ ಅಂತ ಮಾಡಿಟ್ಟ ಕೋಡುಬಳೆ ಡಬ್ಬ ಹೇಗೆ ಖಾಲಿ ಆಯ್ತು ಅಂತ ನನಗೆ ಈಗ ಗೊತ್ತಾಯ್ತು ಮೇಷ್ಟ್ರೇ," ಅಂತ ಅಡುಗೆಮನೆ ಕಿಟಕಿಯಿಂದ ಮ್ಯಾನೇಜರ್ರ ಮನೆಯವರ ದನಿ ಬಂತು. "ಕೇಳಿದ್ರೆ ಮೊಮ್ಮಗ ತಿಂದ ಅಂದ್ರು. ಅವನು ಬೆಂಗಳೂರಲ್ಲಿದ್ದಾನೆ!"

ಮ್ಯಾನೇಜರ್ರು ಮಾತು ತಿರುಗಿಸಿದರು. "ಅಲ್ಲಾ ಸ್ವಾಮಿ, ಹೊಟ್ಟೆ ಬರೋದು ಬಿಯರ್ ಕುಡಿಯೋರಿಗಲ್ವಾ? ನಾನು ವಿಸ್ಕಿ."

ಬಿಯರಿಗೆ ಆ ಹೆಸರು ಬಂದದ್ದು ಪ್ರಮಾಣದಿಂದ. 650 ಮಿಲೀ ಬಾಟಲಿ, ನೂರಕ್ಕೆ ಐದರ ಮಾಮೂಲಿ ಬಿಯರಾದರೆ ಹಿಟ್ಟಿನಂಶ ಸೇರಿ 270ರ ಆಸುಪಾಸು ಕ್ಯಾಲೊರಿ, ಸ್ಟ್ರಾಂಗ್ ಆದರೆ ನಾನೂರರ ಹತ್ತಿರ. ಒಂದಕ್ಕೆ ನಿಲ್ಲಿಸುವವರು ಕಡಿಮೆ. ವಿಸ್ಕಿಯಲ್ಲಿ ಹಿಟ್ಟು ಸಕ್ಕರೆ ಏನೂ ಇಲ್ಲ, ಒಪ್ಪಿದೆ. ಕೋಲಾ ಬೆರೆಸಿದರೆ ಅದೂ ಬರುತ್ತದೆ. ಲಿವರಿಗೆ ಮಾತ್ರ ಬಾಟಲಿಯ ಲೇಬಲ್ಲು ಓದಲು ಬರುವುದಿಲ್ಲ. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯ ವೈನಾದರೂ ಅಷ್ಟೇ, ಸ್ಕಾಟ್‌ಲೆಂಡಿನ ವಿಸ್ಕಿಯಾದರೂ ಅಷ್ಟೇ, ಅದು ನೋಡುವುದು ಗ್ರಾಂ ಲೆಕ್ಕ.

ವೈನು ಅಂದಾಗ ನೆನಪಾಯಿತು. ಡಯಟ್ಟು ಅನ್ನುವ ಹುಚ್ಚಿಗೆ ಮೂಲಪುರುಷರಲ್ಲಿ ಒಬ್ಬ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ದೊಡ್ಡ ಮನುಷ್ಯರ ಅಂತ್ಯಸಂಸ್ಕಾರದ ಏರ್ಪಾಡು ಮಾಡುವುದು ಅವನ ಕಸುಬು. ಬೂಟಿನ ದಾರ ಕಟ್ಟಿಕೊಳ್ಳಲಾರದಷ್ಟು ದಪ್ಪಗಿದ್ದವನು, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ಇಪ್ಪತ್ತು ಕೆಜಿ ಇಳಿಸಿ 1863ರಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಅದು ಎಷ್ಟು ಓಡಿತೆಂದರೆ ಪಥ್ಯ ಮಾಡುವುದಕ್ಕೇ ಅವನ ಹೆಸರು ಬಿತ್ತು. ಆದರೆ ಅವನ ಪಥ್ಯದ ಪಟ್ಟಿಯಲ್ಲಿ ಊಟಕ್ಕೆ ಎರಡು ಮೂರು ಗ್ಲಾಸು ವೈನು ಇತ್ತು. ಬೇಕಾದರೆ ಮಲಗುವ ಮುಂಚೆ ಸಕ್ಕರೆಯಿಲ್ಲದ ಜಿನ್ನೋ ವಿಸ್ಕಿಯೋ ಕೂಡ. ಅನ್ನಕ್ಕೆ ಲೆಕ್ಕ, ಗುಂಡಿಗೆ ಮಾಫಿ ಅನ್ನುವ ಪರಂಪರೆಗೆ ಇಷ್ಟು ಹಳೆಯ ಬೇರು.

ಇದನ್ನು ಹೇಳಬಾರದಿತ್ತೇನೋ, ಮ್ಯಾನೇಜರ್ರಿಗೆ ಹೊಸ ಹುರುಪು ಬಂತು. "ನಮ್ಮೂರಲ್ಲಿ ಸಾರಾಯಿ ಕುಡಿಯೋರು ಒಣಗಿದ ಕಡ್ಡಿ ಹಾಗಿರ್ತಿದ್ರಲ್ಲ, ಅವರಿಗ್ಯಾಕೆ ಹೊಟ್ಟೆ ಬರಲಿಲ್ಲ?"

ಒಳ್ಳೆಯ ಪ್ರಶ್ನೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಅದಕ್ಕೆ ಮುಂಚೆ ಸಾರಾಯಿ ಅಂಗಡಿಯ ಮುಂದೆ ನಿಂತಿದ್ದ ಮೈಗಳನ್ನು ನೋಡಿದವರಿಗೆಲ್ಲ ಈ ಅನುಮಾನ ಬರಬೇಕಾದದ್ದೇ. ನ್ಯೂಯಾರ್ಕಿನ ಚಾರ್ಲ್ಸ್ ಲೀಬರ್ ಅನ್ನುವ ವೈದ್ಯ ಜೀವಮಾನವಿಡೀ ಇದನ್ನೇ ಅಗೆದ. 1970ರ ದಶಕದ ಅವನ ತಂಡದ ಪ್ರಯೋಗದಲ್ಲಿ, ಮಾಮೂಲಿ ಊಟದ ಮೇಲೆ ದಿನಕ್ಕೆ 2000 ಕ್ಯಾಲೊರಿಯಷ್ಟು ಆಲ್ಕೋಹಾಲ್ ಕೊಟ್ಟರೂ ತೂಕ ಅಷ್ಟಾಗಿ ಏರಲಿಲ್ಲ. ಅಷ್ಟೇ ಕ್ಯಾಲೊರಿಯ ಚಾಕೊಲೇಟ್ ಕೊಟ್ಟಾಗ ಏರಿತು. ವಿಪರೀತ ಕುಡಿಯುವವರ ಲಿವರಿನಲ್ಲಿ ಬೇರೊಂದು ದಾರಿ ತೆರೆದುಕೊಳ್ಳುತ್ತದೆ, ಆ ದಾರಿಯಲ್ಲಿ ಆಲ್ಕೋಹಾಲು ಉಪಯೋಗಕ್ಕೆ ಬಾರದ ಶಾಖವಾಗಿ ಪೋಲಾಗುತ್ತದೆ. ಅದರ ಮೇಲೆ, ಅಂಥವರು ಊಟವನ್ನೇ ಮಾಡುವುದಿಲ್ಲ. ಕುಡಿದದ್ದೇ ಅವರ ಊಟ. ಮೈಯಲ್ಲಿ ಕರಗಿದ್ದು ಕೊಬ್ಬಷ್ಟೇ ಅಲ್ಲ, ತೋಳು ತೊಡೆಯ ಮಾಂಸ. ಕೊನೆಗೊಂದು ದಿನ ಕಡ್ಡಿಯಂಥ ಮೈಯಲ್ಲೂ ಹೊಟ್ಟೆ ಊದಿಕೊಳ್ಳುತ್ತದೆ. ಅದು ನೀರು, ಜಲೋದರ. ಲಿವರು ಗಂಟುಕಟ್ಟಿದ ಗುರುತು. ತೂಕ ಇಳಿಸಲು ಅದನ್ನೊಂದು ದಾರಿ ಅನ್ನುತ್ತೀರಾ?

'ಚೆನ್ನಾಗಿ ತಿಂದು ಕುಡಿದರೆ ಲಿವರಿಗೆ ಏನೂ ಆಗಲ್ಲ' ಅನ್ನುವ ಮಾತನ್ನೂ ಇದೇ ಲೀಬರ್ ಸುಳ್ಳು ಮಾಡಿದ. ಬಬೂನ್ ಕೋತಿಗಳಿಗೆ ಪುಷ್ಕಳ ಆಹಾರದ ಜೊತೆಯಲ್ಲೇ ಆಲ್ಕೋಹಾಲ್ ಕೊಟ್ಟು ಸಾಕಿದಾಗ ಅವುಗಳ ಲಿವರಿಗೂ ಕೊಬ್ಬು ತುಂಬಿತು, ಕೆಲವಕ್ಕೆ ಸಿರೋಸಿಸ್ ಬಂತು.

ನಮ್ಮ ಜನಕ್ಕೆ ಇನ್ನೊಂದು ತೊಡಕು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅನ್ನುವ ಗೆಳೆಯರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಸಿಕೊಂಡರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರದೂ ಒಂದೇ ಅಂಕಿ, 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ನೋಡಲು ಸಣ್ಣ, ಒಳಗೆ ಕೊಬ್ಬು. ಈ ಕೊಬ್ಬಿಗೆ ಹೊಟ್ಟೆಯೊಳಗೂ ಲಿವರಿನಲ್ಲೂ ಮನೆ ಮಾಡುವ ಚಾಳಿ. ಅದಕ್ಕೇ ನಮ್ಮ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಒಳಗಿರಲಿ, ಹೆಂಗಸರಿಗೆ 80 ಅನ್ನುತ್ತಾರೆ ವೈದ್ಯರು. ತಕ್ಕಡಿಗಿಂತ ದರ್ಜಿಯ ಟೇಪು ವಾಸಿ.

ತಕ್ಕಡಿಯ ಮೋಸ ಭಾನುವಾರ ಬೆಳಿಗ್ಗೆ ಎದ್ದು ಕಾಣುತ್ತದೆ. ಶನಿವಾರ ಗೆಳೆಯರ ಜೊತೆ ಗಡದ್ದಾಗಿ ಆದಮೇಲೆ ಮರುದಿನ ಏರಿ ನಿಂತರೆ ಮುಕ್ಕಾಲು ಕೆಜಿ ಕಡಿಮೆ! ಮ್ಯಾನೇಜರ್ರು ಇದನ್ನು ನನಗೆ ಒಂದು ಶೋಧವೆಂಬಂತೆ ಹೇಳಿದ್ದರು. ಮೈಯ ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನನ್ನು ಆಲ್ಕೋಹಾಲು ತಡೆಯುತ್ತದೆ, ರಾತ್ರಿಯೆಲ್ಲ ಎದ್ದು ಎದ್ದು ಹೋಗುವುದು ಅದಕ್ಕೇ. ಹೋದದ್ದು ನೀರು. ಎರಡು ತಂಬಿಗೆ ಕುಡಿದರೆ ವಾಪಸ್ಸು ಬರುತ್ತದೆ. ನಿದ್ದೆಯೂ ಹಾಗೇ: ಬೇಗ ಹತ್ತುತ್ತದೆ, ಜಾವಕ್ಕೆ ಮುರಿಯುತ್ತದೆ. ನಿದ್ದೆಗೆಟ್ಟ ಮರುದಿನ ವಾಕಿಂಗ್ ತಪ್ಪುತ್ತದೆ, ಹನ್ನೊಂದಕ್ಕೇ ಬಜ್ಜಿಯ ನೆನಪಾಗುತ್ತದೆ.

ಮೈ ಬಿಸಿಯಾಗುತ್ತಲ್ಲ, ಕೊಬ್ಬು ಕರಗುತ್ತಿರಬೇಕು ಅನ್ನುವವರೂ ಇದ್ದಾರೆ. ಕುಡಿದ ಕ್ಯಾಲೊರಿಯಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಶಾಖವಾಗಿ ಹೋಗುವುದು ಹೌದು. ಉಳಿದ ಎಂಬತ್ತು ನಿಮ್ಮದೇ. ಮೈ ಬಿಸಿ ಅನ್ನಿಸುವುದು ಚರ್ಮಕ್ಕೆ ರಕ್ತ ನುಗ್ಗುವುದರಿಂದ. ಒಳಗಿನ ಶಾಖ ಅಲ್ಲಿಂದ ಸೋರಿಹೋಗುತ್ತಿರುತ್ತದೆ.

"ಹಾಗಾದ್ರೆ ಬಿಟ್ಟೇಬಿಡಬೇಕು ಅಂತೀರಾ?"

ನಾನು ಮಡಿ ಉಟ್ಟು ಹರಟೆಗೆ ಬಂದವನಲ್ಲ. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿಯಾಗಿದೆ, ಅದರ ಮೇಲೆ ನನ್ನದೇನು? ತೂಕದ ಮಟ್ಟಿಗೆ ನನ್ನ ತೀರ್ಪು ಇಷ್ಟು: ಹೊಟ್ಟೆ ಇಳಿಸಬೇಕೆಂದು ಹೊರಟವರು ಅನ್ನದ ಬಟ್ಟಲಿಗೆ ಕೈ ಹಾಕುವ ಮುಂಚೆ ಗುಂಡಿನ ಲೋಟವನ್ನು ಅಳೆಯಿರಿ. ಮನೆಯಲ್ಲಿ ಒಂದು ಅಳತೆಯ ಬಟ್ಟಲಿರಲಿ. ವಾರಕ್ಕೆ ಏಳು ದಿನ ಇದ್ದದ್ದು ಒಂದಕ್ಕೆ ಇಳಿದರೆ, ಕಬಾಬಿನ ಜಾಗಕ್ಕೆ ಬೇಯಿಸಿದ ಕಾಳು ಬಂದರೆ, ಬಿಟ್ಟ ಅನ್ನವನ್ನು ಸಾರಿನ ಜೊತೆ ಮತ್ತೆ ಉಣ್ಣಬಹುದು. ದಿನವೂ ಹೆಚ್ಚಾಗಿ ಕುಡಿದು ರೂಢಿಯಾದವರು ಮಾತ್ರ ಹಟಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು. ವೈದ್ಯರನ್ನು ಕಂಡು ಬಿಡಿ.

"ಶನಿವಾರ ನಾನು ರಾತ್ರಿ ಊಟಾನೇ ಬಿಟ್ಟುಬಿಡ್ತೀನಿ, ಸರಿಹೋಯ್ತಲ್ಲ? ಸಕ್ಕರೆ ಕಾಯಿಲೆ ಮಾತ್ರೆ ಮಾತ್ರ ತಪ್ಪಿಸಲ್ಲ," ಅಂದರು ಮ್ಯಾನೇಜರ್ರು, ದೊಡ್ಡ ಶಿಸ್ತಿನವರ ಹಾಗೆ.

ಅವತ್ತು ನಾನು ದನಿಯೆತ್ತಿದ್ದು ಅದೊಂದೇ ಮಾತಿಗೆ. ನಿಮಗೂ ಹೇಳುತ್ತೇನೆ, ಕೇಳಿ. ಊಟ ತಪ್ಪಿದಾಗ ರಕ್ತಕ್ಕೆ ಸಕ್ಕರೆ ತಯಾರಿಸಿ ಕೊಡುವುದು ಲಿವರು. ಗುಂಡಿನ ಉಪಚಾರದಲ್ಲಿರುವಾಗ ಅದು ಆ ಕೆಲಸ ಮಾಡಲಾರದು. ಇನ್ಸುಲಿನ್ನೋ, ಗ್ಲಿಮಿಪಿರೈಡ್‌ನಂಥ ಮಾತ್ರೆಯೋ ತೆಗೆದುಕೊಳ್ಳುವವರು ಉಪವಾಸವಿದ್ದು ಕುಡಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು, ಅದೂ ನಡುರಾತ್ರಿಯಲ್ಲಿ. ಬೆವರು, ತೊದಲು, ತೂರಾಟ: ನೋಡುವವರಿಗೆ ಕುಡಿತ ಹೆಚ್ಚಾದ ಹಾಗೇ ಕಾಣುತ್ತದೆ. 'ಜಾಸ್ತಿಯಾಗಿದೆ, ಮಲಗಿಸಿ' ಅಂದುಬಿಡುತ್ತಾರೆ. ದಯವಿಟ್ಟು ಮಲಗಿಸಬೇಡಿ. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.